ಫ್ಯಾಟ್ ಸರಿಯಾಗಿ 4 ಬಂದ ದಿನ ಮಾತ್ರ ಆ್ಯಪ್ ನಿಲ್ಲುತ್ತದೆ: ತಪ್ಪು ಮಾಡೆಲ್ ಕ್ಲಾಸಿನದೋ, ಸರ್ವರಿನದೋ?

ಹಾಲುಲೆಕ್ಕ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘಕ್ಕೆ, ಡಾರ್ಟ್ ಭಾಷೆಯ ಚೌಕಟ್ಟಾದ ಫ್ಲಟರ್‌ನಲ್ಲಿ ಚಿಕ್ಕದೊಂದು ಆ್ಯಪ್ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಸದಸ್ಯರು ಡೇರಿಗೆ ಹಾಕಿದ ಹಾಲಿನ ಪ್ರಮಾಣ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಸರ್ವರ್‌ನಲ್ಲಿ ದಾಖಲಾಗುತ್ತವೆ. ಆ್ಯಪ್ ಅವನ್ನು ತಂದು ಪಟ್ಟಿ ಮಾಡಿ ತೋರಿಸುತ್ತದೆ, ದರಪಟ್ಟಿಯನ್ನು ನೋಡಿ ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಮೊತ್ತವನ್ನು ಕೂಡಿಸಿ ಹೇಳುತ್ತದೆ. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ತಿಂಗಳಿನಿಂದ ಕೆಲವು ದಿನ ಮಾತ್ರ ಪಟ್ಟಿಯ ಪುಟ ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಪಟ್ಟಿಯೂ ಬರುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಅದೇ ದಿನದ ಪಟ್ಟಿಯನ್ನು ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಓಡಿಸಿ ನೋಡಿದರೆ ಅಚ್ಚುಕಟ್ಟಾಗಿ ಬರುತ್ತದೆ.

ಇವತ್ತು ಫೋನನ್ನು ಕೇಬಲ್‌ಗೆ ಸಿಕ್ಕಿಸಿ ಲಾಗ್ ನೋಡಿದಾಗ, 'ಇಂಟ್' (ಪೂರ್ಣಾಂಕ) ಟೈಪ್ ಎಂಬುದು 'ಡಬಲ್' (ದಶಮಾಂಶ) ಟೈಪಿನ ಉಪಟೈಪ್ ಅಲ್ಲ ಎಂಬ ಅರ್ಥದ ಸಾಲು ಸಿಕ್ಕಿತು. ಬೆರಳು ತೋರಿಸುತ್ತಿರುವುದು ಫ್ಯಾಟ್ ಓದುವ ಸಾಲಿನ ಕಡೆಗೆ.

ಒಂದು ದಾಖಲೆಯ ಆಕಾರ ಹೇಳುವ ನನ್ನ ಮಾಡೆಲ್ ಕ್ಲಾಸಿನ ಹೆಸರು ಹಾಲುದಾಖಲೆ. ಅದರಲ್ಲಿ ಸದಸ್ಯ ಸಂಖ್ಯೆ ಸ್ಟ್ರಿಂಗ್ (ಪಠ್ಯ), ಹಾಲಿನ ಪ್ರಮಾಣ ಮಿಲಿಲೀಟರ್ ಲೆಕ್ಕದಲ್ಲಿ ಇಂಟ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಡಬಲ್, ಬೆಳಗಿನ ಹಾಲೋ ಅಲ್ಲವೋ ಎಂಬುದು ಬೂಲ್ (ನಿಜ ಅಥವಾ ಸುಳ್ಳು), ಹಾಕಿದ ಸಮಯ ಡೇಟ್‌ಟೈಮ್. ಸರ್ವರ್ ಕಳಿಸುವ ಜೇಸನ್ ಪಠ್ಯವನ್ನು ಓದಿ ಈ ಕ್ಲಾಸಿಗೆ ತುಂಬುವ ಫ್ರಮ್‌ಜೇಸನ್ ಫ್ಯಾಕ್ಟರಿಯಲ್ಲಿ ಪ್ರತಿಯೊಂದನ್ನೂ 'ಆ್ಯಸ್ ಡಬಲ್', 'ಆ್ಯಸ್ ಬೂಲ್' ಎಂದು ನೇರವಾಗಿ ಕಾಸ್ಟ್ ಮಾಡಿದ್ದೇನೆ. ಹೊರಗೆ ಟ್ರೈ ಬ್ಲಾಕ್ ಇದೆ, 'ಆನ್ ಎಕ್ಸೆಪ್ಶನ್ ಕ್ಯಾಚ್' ಕೂಡ ಇದೆ. ನೆಟ್‌ವರ್ಕ್ ಇಲ್ಲದಾಗಲೂ ಪಟ್ಟಿ ಕಾಣಲೆಂದು ಇದೇ ಕ್ಲಾಸನ್ನು ಫೋನಿನೊಳಗಿನ ಡೇಟಾಬೇಸಾದ ಎಸ್‌ಕ್ಯೂಲೈಟ್‌ಗೂ ಬಳಸುವ ಯೋಚನೆ ಇದೆ, ಆ ಭಾಗವನ್ನು ಈಗಷ್ಟೇ ಬರೆಯುತ್ತಿದ್ದೇನೆ. ಎರಡು ವರ್ಷ ಓಡಿದ ಕ್ಲಾಸು ಇದ್ದಕ್ಕಿದ್ದಂತೆ ಕೆಡುವುದು ಹೇಗೆ ಎಂಬುದೇ ನನಗೆ ತಿಳಿಯುತ್ತಿಲ್ಲ.

ಅಲ್ಪವಿರಾಮ (ಸೋಮವಾರ, ರಾತ್ರಿ 10.25)

ಹಾಲುಲೆಕ್ಕ ಅವರೇ, ಕಳೆದ ತಿಂಗಳು ಸರ್ವರ್ ಬದಲಾಯಿತೇ? ಮೊದಲು ಪೈಥಾನ್ ಇದ್ದು ಈಗ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಬಂದಿದ್ದೀರಿ ಎಂದು ಊಹಿಸುತ್ತೇನೆ. ಪೈಥಾನಿನ ಜೇಸನ್ ಮಾಡ್ಯೂಲ್ 4.0 ಎಂಬ ಫ್ಲೋಟನ್ನು 4.0 ಎಂದೇ ಬರೆಯುತ್ತದೆ. ಜಾವಾಸ್ಕ್ರಿಪ್ಟಿಗೆ ಪೂರ್ಣಾಂಕ ಬೇರೆ, ದಶಮಾಂಶ ಬೇರೆ ಎಂಬ ಭೇದವಿಲ್ಲ. ಅದು ಅದೇ ಬೆಲೆಯನ್ನು ಬರಿಯ 4 ಎಂದು ಬರೆಯುತ್ತದೆ. ಜೇಸನ್ ನಿಯಮದ ಪ್ರಕಾರ ಎರಡೂ ಸರಿ, ಏಕೆಂದರೆ ಅಲ್ಲಿರುವುದು 'ಸಂಖ್ಯೆ' ಎಂಬ ಒಂದೇ ಜಾತಿ.

ಜಾತಿ ಕೇಳುವುದು ಡಾರ್ಟ್. ಫೋನಿನಲ್ಲಿ ಓಡುವಾಗ ಅದರ ಡಿಕೋಡರ್ ಬಿಂದು ಕಂಡರೆ ಡಬಲ್ ಕೊಡುತ್ತದೆ, ಕಾಣದಿದ್ದರೆ ಇಂಟ್ ಕೊಡುತ್ತದೆ. ಇವೆರಡೂ 'ನಮ್' ಎಂಬ ಟೈಪಿನ ಮಕ್ಕಳು, ಆದರೆ ಒಂದು ಇನ್ನೊಂದರ ಮಗುವಲ್ಲ. ಹಾಗಾಗಿ ಇಂಟನ್ನು 'ಆ್ಯಸ್ ಡಬಲ್' ಎಂದರೆ ಡಾರ್ಟ್ ಪರಿವರ್ತಿಸುವುದಿಲ್ಲ, ನಿರಾಕರಿಸುತ್ತದೆ. ಕಾಸ್ಟ್ ಎಂದರೆ 'ಇದು ಇಂಥ ಟೈಪಿನದು ಎಂದು ನಾನು ಪ್ರಮಾಣ ಮಾಡುತ್ತೇನೆ' ಎಂದಷ್ಟೇ, 'ಇದನ್ನು ಹಾಗೆ ಮಾಡಿಕೊಡು' ಎಂದಲ್ಲ. ಕ್ರೋಮ್‌ನಲ್ಲಿ ಮಾತ್ರ ನಿಮ್ಮ ಆ್ಯಪ್ ಜಾವಾಸ್ಕ್ರಿಪ್ಟಾಗಿ ಓಡುತ್ತದೆ, ಅಲ್ಲಿ 4 ಕೂಡ ಡಬಲ್ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಸರಿ, ಫೋನಿನಲ್ಲಿ ತಪ್ಪು ಎಂಬುದರ ಗುಟ್ಟು ಇಷ್ಟೇ. ನಿಮ್ಮ ಯಂತ್ರ ಫ್ಯಾಟನ್ನು ಎರಡು ದಶಮಾಂಶದವರೆಗೆ ಕೊಡುವುದಾದರೆ ಸರಿಯಾಗಿ 4.00 ಅಥವಾ 5.00 ಬರುವುದು ಅಪರೂಪ, ಆದ್ದರಿಂದಲೇ ಕೆಲವು ದಿನ ಮಾತ್ರ ನಿಲ್ಲುತ್ತಿದೆ.

ಪರಿಹಾರ ಸರಳ. 'ಆ್ಯಸ್ ನಮ್' ಎಂದು ಕಾಸ್ಟ್ ಮಾಡಿ, ಆಮೇಲೆ 'ಟುಡಬಲ್' ಕರೆಯಿರಿ. ಜೇಸನ್ ಸೀರಿಯಲೈಜಬಲ್ ಪ್ಯಾಕೇಜು ಡಬಲ್ ಫೀಲ್ಡಿಗೆ ತಾನಾಗಿ ಬರೆದುಕೊಡುವುದೂ ಇದನ್ನೇ.

ದೋಷದ ಸಂದೇಶ ಬಾರದಿರಲು ಕಾರಣ ಬೇರೆ. ಡಾರ್ಟ್‌ನಲ್ಲಿ ಎಕ್ಸೆಪ್ಶನ್ ಒಂದು ಕುಲ, ಎರರ್ ಇನ್ನೊಂದು ಕುಲ. ಕಾಸ್ಟ್ ತಪ್ಪಿದಾಗ ಏಳುವ ಟೈಪ್‌ಎರರ್ ಎರಡನೆಯದಕ್ಕೆ ಸೇರಿದ್ದು. ನಿಮ್ಮ 'ಆನ್ ಎಕ್ಸೆಪ್ಶನ್' ಬಲೆ ಅದನ್ನು ಹಿಡಿಯುವುದೇ ಇಲ್ಲ, 'ಲೋಡಿಂಗ್ ಮುಗಿಯಿತು' ಎನ್ನುವ ಸಾಲಿನವರೆಗೆ ಓಟ ತಲುಪುವುದೂ ಇಲ್ಲ.

ಹಾಲುಲೆಕ್ಕ (ಸೋಮವಾರ, ರಾತ್ರಿ 11.05)

ಊಹೆ ಅಕ್ಷರಶಃ ನಿಜ. ಕಳೆದ ತಿಂಗಳು ಗೆಳೆಯರೊಬ್ಬರು ಸರ್ವರನ್ನು ಪೈಥಾನಿನಿಂದ ನೋಡ್‌ಗೆ ತಂದರು. ದರಪಟ್ಟಿಯ ಭಾಗ ಮಾತ್ರ ಇನ್ನೂ ಹಳೆಯದರಲ್ಲಿದೆ. ನೀವು ಹೇಳಿದಂತೆ ತಿದ್ದಿದೆ, ಪಟ್ಟಿ ಬಂತು. ಅನಂತ ಧನ್ಯವಾದಗಳು.

ಹಾಲುಲೆಕ್ಕ (ಬುಧವಾರ, ಸಂಜೆ 6.10)

ಕ್ಷಮಿಸಿ, ಮತ್ತೆ ಬಂದೆ. ಇಂದು ದರಪಟ್ಟಿಯೂ ನೋಡ್‌ಗೆ ಬಂತು, ಬಂದ ಗಳಿಗೆಯಲ್ಲೇ ಹೊಸ ದೋಷ: ಈಗ 'ಸ್ಟ್ರಿಂಗ್' ಎಂಬುದು 'ನಮ್' ಎಂಬುದರ ಉಪಟೈಪ್ ಅಲ್ಲವಂತೆ. ಉತ್ತರವನ್ನು ಬಿಚ್ಚಿ ನೋಡಿದರೆ ದರ ಎಂಬ ಕೀಲಿಯ ಎದುರು 36.50 ಎಂಬುದು ಉದ್ಧರಣ ಚಿಹ್ನೆಯ ಒಳಗಿದೆ. ಫ್ಯಾಟ್ ಮಾತ್ರ ಸಂಖ್ಯೆಯಾಗಿಯೇ ಬರುತ್ತಿದೆ. ಒಂದೇ ಸರ್ವರ್ ಎರಡು ಬಗೆಯಾಗಿ ಏಕೆ ನಡೆದುಕೊಳ್ಳುತ್ತದೆ?

ಬೇಗಮುಗಿಸು (ಬುಧವಾರ, ಸಂಜೆ 6.30)

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಹಾಯಕ ಫಂಕ್ಷನ್ ಬರೆದಿಡಿ: ಏನೇ ಬಂದರೂ ಮೊದಲು ಟುಸ್ಟ್ರಿಂಗ್ ಮಾಡಿ, ಅದನ್ನು ಡಬಲ್‌ನ ಟ್ರೈಪಾರ್ಸ್‌ಗೆ ಕೊಡಿ, ನಲ್ (ಅಂದರೆ ಬೆಲೆಯೇ ಇಲ್ಲ) ಬಂದರೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ 0.0 ಎಂದು ಮುಗಿಸಿ. ಇಂಟ್ ಬರಲಿ, ಡಬಲ್ ಬರಲಿ, ಸ್ಟ್ರಿಂಗ್ ಬರಲಿ, ಕೀಲಿಯೇ ಇಲ್ಲದಿರಲಿ, ಆ್ಯಪ್ ಬೀಳುವುದಿಲ್ಲ. ನಾನು ಐದಾರು ಆ್ಯಪ್‌ಗಳಲ್ಲಿ ಇದನ್ನೇ ಬಳಸಿದ್ದೇನೆ, ಗ್ರಾಹಕರಿಂದ ಒಂದು ದೂರೂ ಬಂದಿಲ್ಲ.

ಹಾಲುಲೆಕ್ಕ (ಬುಧವಾರ, ಸಂಜೆ 7.15)

ಇದು ಅನುಕೂಲವಾಗಿದೆ. ದರಕ್ಕೂ, ಫ್ಯಾಟ್‌ಗೂ, ಎಸ್‌ಎನ್‌ಎಫ್‌ಗೂ ಇದನ್ನೇ ಹಾಕಿದೆ. ಈಗ ಏನೂ ಬೀಳುತ್ತಿಲ್ಲ.

ಸರ್ವರ್‌ಬದಿ (ಬುಧವಾರ, ರಾತ್ರಿ 8.50)

ಎರಡು ಬಗೆ ಏಕೆ ಎಂದು ಕೇಳಿದ್ದೀರಿ, ಅದಕ್ಕೆ ಉತ್ತರ ಸಿಗದೆ ಚರ್ಚೆ ಮುಂದೆ ಹೋಗಬಾರದು. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂದಾದರೆ, ಫ್ಯಾಟ್ ಕಾಲಂ ಡಬಲ್ ಪ್ರಿಸಿಷನ್ ಆಗಿರಬೇಕು, ದರದ ಕಾಲಂ ನ್ಯೂಮರಿಕ್ ಆಗಿರಬೇಕು. ನೋಡ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವ ಪ್ರಚಲಿತ ಡ್ರೈವರ್ ಮೊದಲನೆಯದನ್ನು ಸಂಖ್ಯೆಯಾಗಿ ಕೊಡುತ್ತದೆ, ನ್ಯೂಮರಿಕ್ ಅನ್ನು ಬೇಕೆಂದೇ ಸ್ಟ್ರಿಂಗ್ ಆಗಿ ಕೊಡುತ್ತದೆ. ನ್ಯೂಮರಿಕ್ ಕಾಲಮ್ಮಿನ ನಿಖರತೆಯನ್ನು ಜಾವಾಸ್ಕ್ರಿಪ್ಟಿನ ಸಂಖ್ಯೆ ಉಳಿಸಿಕೊಳ್ಳಲಾರದು ಎಂಬುದೇ ಅದಕ್ಕೆ ಕಾರಣ. ಹಿಂದಿನ ಪೈಥಾನ್ ಕೋಡಿನಲ್ಲಿ ಯಾರೋ ಫ್ಲೋಟ್ ಮಾಡಿ ಕಳಿಸುತ್ತಿದ್ದಿರಬೇಕು, ಏಕೆಂದರೆ ಪೈಥಾನಿನ ಡೆಸಿಮಲ್ ತಾನಾಗಿ ಜೇಸನ್‌ಗೆ ಇಳಿಯುವುದಿಲ್ಲ. ಅಂದರೆ ಈಗ ಬರುತ್ತಿರುವ ಸ್ಟ್ರಿಂಗೇ ಹೆಚ್ಚು ಪ್ರಾಮಾಣಿಕವಾದದ್ದು. ಅದನ್ನು ದೋಷವೆಂದು ನೋಡಬೇಡಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಸಮಯವನ್ನು ಯಾವ ರೂಪದಲ್ಲಿ ಕಳಿಸುತ್ತಿದ್ದಾರೆ ಎಂದು ನೋಡಿಕೊಳ್ಳಿ. ನೋಡ್ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಕಳಿಸುತ್ತದೆ, ಡಾರ್ಟಿನ ಡೇಟ್‌ಟೈಮ್ ಅದನ್ನು ಪಾರ್ಸ್ ಮಾಡಿದಾಗ ಯುಟಿಸಿಯಲ್ಲೇ ಉಳಿಯುತ್ತದೆ. ಭಾರತದ ಸಮಯ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 5.15ಕ್ಕೆ ಹಾಲು ಹಾಕಿದವರ ದಾಖಲೆ ಯುಟಿಸಿಯಲ್ಲಿ ಹಿಂದಿನ ದಿನದ 23.45. 'ಟುಲೋಕಲ್' ಮಾಡದೆ ದಿನಾಂಕ ತೆಗೆದರೆ ಐದೂವರೆಗೆ ಮೊದಲು ಬಂದವರ ಹಾಲೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಬೇಗ ಎದ್ದು ಕ್ಯಾನ್ ಹಿಡಿದು ಬಂದವರಿಗೇ ಈ ತೊಂದರೆ ಎಂಬುದು ವಿಚಿತ್ರ.

ಹಳೇಜಾವಾ (ಬುಧವಾರ, ರಾತ್ರಿ 10.40)

ಬೇಗಮುಗಿಸು ಅವರ ಫಂಕ್ಷನ್ ಬಗ್ಗೆ ನನ್ನ ತೀವ್ರ ಆಕ್ಷೇಪವಿದೆ, ವಿವರವಾಗಿ ಹೇಳಲು ಅವಕಾಶ ಕೊಡಿ. ಇಂಟ್, ಡಬಲ್, ಸ್ಟ್ರಿಂಗ್ ಈ ಮೂರೂ ಒಂದೇ ಬೆಲೆಯ ಮೂರು ಬರವಣಿಗೆಗಳು. ಅವನ್ನು ಒಂದಾಗಿಸುವುದು ಪರಿವರ್ತನೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲದ ಬೆಲೆಗೆ ಸೊನ್ನೆ ಕೊಡುವುದು ಪರಿವರ್ತನೆಯಲ್ಲ, ಸೃಷ್ಟಿ. ಯಂತ್ರ ಅಳೆಯಲೇ ಇಲ್ಲ ಎಂಬುದಕ್ಕೂ ಅಳೆದಾಗ ಸೊನ್ನೆ ಬಂತು ಎಂಬುದಕ್ಕೂ ಅಜಗಜಾಂತರ. ನಿಮ್ಮ ಫಂಕ್ಷನ್ ಇವೆರಡನ್ನೂ ಒಂದು ಮಾಡಿಬಿಡುತ್ತದೆ, ಆಮೇಲೆ ಯಾರು ಎಷ್ಟು ಕೆದಕಿದರೂ ಬೇರೆ ಮಾಡಲಾಗದು. ದೂರು ಬಂದಿಲ್ಲ ಎನ್ನುತ್ತೀರಿ. ಪರದೆಯ ಮೇಲೆ ಒಂದು ಸಂಖ್ಯೆ ಕಂಡಾಗ ಅದು ಸುಳ್ಳು ಎಂದು ದೂರುವುದು ಯಾರಿಗಾದರೂ ಹೇಗೆ ಹೊಳೆಯಬೇಕು?

ನಾನು ಆಂಡ್ರಾಯ್ಡ್‌ನಲ್ಲಿ ಜಾವಾ ಕಾಲದಿಂದ ಇದ್ದವನು. 2017ರಲ್ಲಿ ಗೂಗಲ್ ಕಾಟ್ಲಿನ್ ಭಾಷೆಗೆ ಅಧಿಕೃತ ಮನ್ನಣೆ ಕೊಟ್ಟ ಮೇಲೆ ನಾವೂ ಮಾಡೆಲ್‌ಗಳನ್ನೆಲ್ಲ ಡೇಟಾ ಕ್ಲಾಸ್ ಮಾಡಿದೆವು, ಜೇಸನ್ ಓದಲು ಮೊದಲಿನಂತೆ ಜಿಸನ್ ಲೈಬ್ರರಿಯನ್ನೇ ಉಳಿಸಿಕೊಂಡೆವು. ನಲ್ ಆಗಲಾರದು ಎಂದು ಘೋಷಿಸಿದ ಫೀಲ್ಡಿನಲ್ಲಿ ನಲ್ ಕೂತಿರುವುದನ್ನು ಕಂಡು ದಂಗಾಗಿದ್ದೆವು. ಕ್ಲಾಸಿಗೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟನ್ನು ಹುಟ್ಟಿಸುವ ಫಂಕ್ಷನ್) ಇಲ್ಲದಿದ್ದರೆ ಜಿಸನ್ ಕನ್‌ಸ್ಟ್ರಕ್ಟರನ್ನೇ ಕರೆಯದೆ, 'ಅನ್‌ಸೇಫ್' ಎಂಬ ಹಿತ್ತಿಲ ಬಾಗಿಲಿನಿಂದ ಖಾಲಿ ಆಬ್ಜೆಕ್ಟನ್ನು ಹುಟ್ಟಿಸಿ, ರಿಫ್ಲೆಕ್ಷನ್ ಮೂಲಕ, ಅಂದರೆ ಓಡುವಾಗಲೇ ಕ್ಲಾಸಿನ ಒಳಗನ್ನು ನೋಡಿ, ಫೀಲ್ಡುಗಳನ್ನು ತುಂಬುತ್ತದೆ. ಕಾಟ್ಲಿನ್ ಇಟ್ಟ ನಲ್ ಕಾವಲು ಇರುವುದು ಮುಂಬಾಗಿಲಿನಲ್ಲಿ. ನೀವು ಬರೆದ ಡೀಫಾಲ್ಟ್ ಬೆಲೆಗಳೂ ಆಗ ಗಣನೆಗೆ ಬರುವುದಿಲ್ಲ. ಎಲ್ಲ ಪ್ಯಾರಾಮೀಟರಿಗೂ ಡೀಫಾಲ್ಟ್ ಕೊಟ್ಟರೆ ಮಾತ್ರ ಕಂಪೈಲರ್ ಖಾಲಿ ಕನ್‌ಸ್ಟ್ರಕ್ಟರ್ ಒಂದನ್ನು ತಾನೇ ಸೇರಿಸುತ್ತದೆ, ಆಗ ಡೀಫಾಲ್ಟ್‌ಗಳು ಉಳಿಯುತ್ತವೆ; ಒಂದೇ ಒಂದಕ್ಕೆ ಮರೆತರೂ ಎಲ್ಲವೂ ಹೋದವು. ಹಾಗೆ ಒಳಗೆ ಬಂದ ನಲ್ ಬೀಳುತ್ತಿದ್ದದ್ದು ಎಲ್ಲೋ ನಾಲ್ಕು ಪುಟ ದಾಟಿದ ಮೇಲೆ, ಏನೂ ತಪ್ಪು ಮಾಡದ ಒಂದು ಸಾಲಿನಲ್ಲಿ. ಡಾರ್ಟ್ ನಿಮಗೆ ಕೊಡುತ್ತಿರುವ ಈ ಟೈಪ್‌ಎರರ್, ತಪ್ಪು ನಡೆದ ಜಾಗದಲ್ಲೇ ಬೀಳುತ್ತಿದೆ. ಅದನ್ನು ನೀವು ಉಪಕಾರವೆಂದು ತಿಳಿಯಬೇಕು, ಬಾಯಿ ಮುಚ್ಚಿಸಬಾರದು.

ಬೇಗಮುಗಿಸು (ಗುರುವಾರ, ಬೆಳಿಗ್ಗೆ 8.20)

ಹಳೇಜಾವಾ ಅವರ ಮಾತು ಓದಲು ಚೆನ್ನಾಗಿದೆ, ಆದರೆ ಬೆಳಿಗ್ಗೆ ಆರು ಗಂಟೆಗೆ ಕ್ಯೂನಲ್ಲಿ ನಲವತ್ತು ಜನ ನಿಂತಿರುವಾಗ ಆ್ಯಪ್ ಬಿದ್ದರೆ ಕಾರ್ಯದರ್ಶಿಯವರು ಫೋನ್ ಮಾಡುವುದು ನಿಮಗಲ್ಲ, ಹಾಲುಲೆಕ್ಕ ಅವರಿಗೆ. ಒಬ್ಬರ ದಾಖಲೆಯಲ್ಲಿ ಫ್ಯಾಟ್ ಇಲ್ಲವೆಂದು ಮೂವತ್ತೊಂಬತ್ತು ಜನರ ಪಟ್ಟಿ ಕಾಣದಂತೆ ಮಾಡುವುದು ಯಾವ ನ್ಯಾಯ?

ಕಾವೇರಿತೀರ (ಗುರುವಾರ, ಬೆಳಿಗ್ಗೆ 9.35)

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿದ್ದೀರಿ. ಒಂದು ದಾಖಲೆ ಕೆಟ್ಟಾಗ ಇಡೀ ಪಟ್ಟಿ ಬೀಳುವುದಕ್ಕೆ ಕಾರಣ ಕ್ಲಾಸಿನ ಕಟ್ಟುನಿಟ್ಟಲ್ಲ. ಪಟ್ಟಿಯನ್ನು ಮ್ಯಾಪ್ ಮಾಡಿ ಟುಲಿಸ್ಟ್ ಎಂದು ಒಂದೇ ಉಸಿರಿನಲ್ಲಿ ಪರಿವರ್ತಿಸಿದ್ದು. ಪ್ರತಿ ದಾಖಲೆಯನ್ನೂ ಒಂದು ಲೂಪಿನಲ್ಲಿ ಬೇರೆ ಬೇರೆಯಾಗಿ ಓದಿ, ಓದಲಾಗದ್ದನ್ನು ಅದರ ಮೂಲ ಜೇಸನ್ ಸಮೇತ ಪಕ್ಕಕ್ಕಿಟ್ಟು, ಪುಟದ ಮೇಲ್ಭಾಗದಲ್ಲಿ 'ಒಂದು ದಾಖಲೆ ಓದಲಾಗಲಿಲ್ಲ' ಎಂದು ತೋರಿಸಿದರೆ ಮೂವತ್ತೊಂಬತ್ತು ಜನರಿಗೂ ತೊಂದರೆಯಿಲ್ಲ, ನಲವತ್ತನೆಯವರಿಗೂ ಸುಳ್ಳಿಲ್ಲ. ಅಂದ ಹಾಗೆ, ಟುಲಿಸ್ಟ್ ಬರೆಯಲು ಮರೆತರೆ ಮ್ಯಾಪ್ ಸೋಮಾರಿಯಾಗಿರುತ್ತದೆ. ಪರಿವರ್ತನೆ ನಡೆಯುವುದು ಪಟ್ಟಿಯನ್ನು ಪರದೆಗೆ ಇಳಿಸುವಾಗ. ಆಗ ನಿಮ್ಮ ಟ್ರೈ ಬ್ಲಾಕ್ ಎಂದೋ ಮುಗಿದಿರುತ್ತದೆ.

ಫ್ಯಾಟ್ ನಿಜವಾಗಿಯೂ ಕೆಲವೊಮ್ಮೆ ಇರುವುದಿಲ್ಲ ಎಂದಾದರೆ ಅದು ಓದಲಾಗದ ದಾಖಲೆಯೂ ಅಲ್ಲ, ಫೀಲ್ಡನ್ನು ನಲ್ ಆಗಬಹುದಾದ ಡಬಲ್ ಎಂದು ಘೋಷಿಸಬೇಕಾದ ದಾಖಲೆ. 2021ರ ಮಾರ್ಚ್‌ನಲ್ಲಿ ಡಾರ್ಟ್ 2.12ರೊಂದಿಗೆ ನಲ್ ಸುರಕ್ಷತೆ ಬಂದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು: ಬಟವಾಡೆಯ ಗುಣಾಕಾರ ಬರೆಯುವಾಗ 'ಇದು ಇಲ್ಲದಿದ್ದರೆ ಏನು ಮಾಡುತ್ತೀರಿ' ಎಂದು ಕಂಪೈಲರ್ ನಿಮ್ಮನ್ನು ನಿಲ್ಲಿಸಿ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಹಾಲಿನ ಸಂಘದವರ ಬಳಿ ಇದೆಯೇ ಹೊರತು ನಮ್ಮ ಬಳಿ ಇಲ್ಲ. ಇರಲಾರದು ಎಂದುಕೊಂಡು ಸೊನ್ನೆ ಹಾಕುವ ಮುನ್ನ ಒಮ್ಮೆ ಅವರನ್ನು ಕೇಳಿ.

ಹಾಲುಲೆಕ್ಕ (ಶುಕ್ರವಾರ, ರಾತ್ರಿ 9.15)

ಸಮಯದ ವಿಷಯ ನೋಡಿದೆ, ಸರ್ವರ್‌ಬದಿ ಅವರು ಹೇಳಿದಂತೆಯೇ ಇತ್ತು. ಮೂವರು ಸದಸ್ಯರ ಬೆಳಗಿನ ಹಾಲು ಹಿಂದಿನ ದಿನದಲ್ಲಿ ಕೂತಿತ್ತು. ತಿದ್ದಿದ್ದೇನೆ. ಸೊನ್ನೆಯ ವಿಷಯ ಇನ್ನೂ ಮುಟ್ಟಿಲ್ಲ, ಏಕೆಂದರೆ ಎಸ್‌ಕ್ಯೂಲೈಟ್ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಸರ್ವರ್‌ನಿಂದ ಬಂದ ದಾಖಲೆಯನ್ನು ಫೋನಿನ ಟೇಬಲ್ಲಿಗೆ ಬರೆದು ಅದೇ ಫ್ಯಾಕ್ಟರಿಯಿಂದ ವಾಪಸ್ ಓದಿದರೆ ಎರಡು ದೋಷ ಬರುತ್ತವೆ. ಬೆಳಗಿನದು ಎಂಬ ಬೂಲ್ ಫೀಲ್ಡಿನಲ್ಲಿ ಇಂಟ್ ಬಂದಿದೆ ಎನ್ನುತ್ತದೆ. ಅದನ್ನು ಹೇಗೋ ಸರಿಮಾಡಿದರೆ ಸದಸ್ಯ ಸಂಖ್ಯೆಯಲ್ಲೂ ಸ್ಟ್ರಿಂಗ್ ಬದಲು ಇಂಟ್ ಬಂದಿದೆ ಎನ್ನುತ್ತದೆ. ಮುದ್ರಿಸಿ ನೋಡಿದರೆ 0042 ಎಂದು ಬರೆದದ್ದು 42 ಆಗಿ ಬಂದಿದೆ. ಟೇಬಲ್ ಸೃಷ್ಟಿಸುವಾಗ ಆ ಕಾಲಮ್ಮಿಗೆ ಸ್ಟ್ರಿಂಗ್ ಎಂದೇ ಬರೆದಿದ್ದೇನೆ. ಸ್ಟ್ರಿಂಗ್ ಕೊಟ್ಟು ಸ್ಟ್ರಿಂಗ್ ಕೇಳಿದರೆ ಇಂಟ್ ಕೊಡುವುದು ಎಲ್ಲಿಯ ಧರ್ಮ?

ಸರ್ವರ್‌ಬದಿ (ಶುಕ್ರವಾರ, ರಾತ್ರಿ 9.50)

ಸ್ಟ್ರಿಂಗ್ ಎಂದು ಬರೆದದ್ದೇ ತಪ್ಪು. ಎಸ್‌ಕ್ಯೂಲೈಟ್ ನೀವು ಬರೆದ ಟೈಪಿನ ಹೆಸರಿನಲ್ಲಿ ಕೆಲವು ಅಕ್ಷರಗಳ ತುಣುಕನ್ನು ಹುಡುಕಿ ಕಾಲಮ್ಮಿನ ಒಲವನ್ನು ತೀರ್ಮಾನಿಸುತ್ತದೆ. ಇಂಟ್ ಎಂಬ ತುಣುಕಿದ್ದರೆ ಪೂರ್ಣಾಂಕ, ಚಾರ್ ಅಥವಾ ಟೆಕ್ಸ್ಟ್ ಎಂದಿದ್ದರೆ ಪಠ್ಯ, ರಿಯಲ್ ಎಂದಿದ್ದರೆ ದಶಮಾಂಶ, ಹೀಗೆ. ಇಂಗ್ಲಿಷಿನ ಸ್ಟ್ರಿಂಗ್ ಎಂಬ ಪದ ಈ ಯಾವ ತುಣುಕಿಗೂ ಹೊಂದುವುದಿಲ್ಲ, ಆದ್ದರಿಂದ ಕೊನೆಯ ಆಯ್ಕೆಯಾದ ನ್ಯೂಮರಿಕ್ ಅದರ ಪಾಲಿಗೆ ಬರುತ್ತದೆ. ನ್ಯೂಮರಿಕ್ ಒಲವಿನ ಕಾಲಮ್ಮಿಗೆ 0042 ಎಂಬ ಪಠ್ಯ ಕೊಟ್ಟರೆ ಅದು ಸಂಖ್ಯೆಯಂತೆ ಕಾಣುವುದರಿಂದ 42 ಆಗಿ ಕೂರುತ್ತದೆ. ಅಲ್ಲಿ ಟೆಕ್ಸ್ಟ್ ಎಂದು ಬರೆಯಿರಿ. ಫ್ಯಾಟ್ ಕಾಲಮ್ಮಿಗೂ ಡೆಸಿಮಲ್ ಎಂದು ಬರೆದಿದ್ದರೆ ಅದೂ ನ್ಯೂಮರಿಕ್ಕೇ, 4.0 ಕೊಟ್ಟರೆ 4 ಎಂದು ಇಟ್ಟುಕೊಂಡು ನಿಮ್ಮ ಸೋಮವಾರದ ದೋಷವನ್ನು ಮರಳಿ ಕೊಡುತ್ತದೆ. ರಿಯಲ್ ಎಂದು ಬರೆದರೆ 4 ಕೊಟ್ಟರೂ 4.0 ಆಗಿ ವಾಪಸಾಗುತ್ತದೆ. ಬೂಲ್ ಎಂಬ ಪ್ರತ್ಯೇಕ ಜಾತಿಯೇ ಎಸ್‌ಕ್ಯೂಲೈಟ್‌ನಲ್ಲಿಲ್ಲ, ಸೊನ್ನೆ ಮತ್ತು ಒಂದು ಮಾತ್ರ ಇವೆ.

ಹಳೇಜಾವಾ (ಶುಕ್ರವಾರ, ರಾತ್ರಿ 10.30)

ಈಗ ನೋಡಿ, ಒಂದೇ ಕ್ಲಾಸು ಮೂರು ಮನೆಯ ಚಾಕರಿ ಮಾಡುತ್ತಿದೆ. ಸರ್ವರಿನ ಭಾಷೆಯಲ್ಲಿ ಬೆಳಗಿನದು ಎಂಬುದು ನಿಜ ಅಥವಾ ಸುಳ್ಳು, ಎಸ್‌ಕ್ಯೂಲೈಟ್ ಭಾಷೆಯಲ್ಲಿ ಒಂದು ಅಥವಾ ಸೊನ್ನೆ, ಪರದೆಯ ಭಾಷೆಯಲ್ಲಿ ಸೂರ್ಯನ ಚಿತ್ರ ಅಥವಾ ಚಂದ್ರನ ಚಿತ್ರ. ಫ್ಯಾಕ್ಟರಿಯಲ್ಲಿ 'ಇಂಟ್ ಬಂದರೆ ಹೀಗೆ, ಬೂಲ್ ಬಂದರೆ ಹಾಗೆ' ಎಂದು ತೇಪೆ ಹಚ್ಚುವ ಬದಲು, ಸರ್ವರಿನಿಂದ ಬಂದದ್ದಕ್ಕೆ ಒಂದು ಕ್ಲಾಸ್, ಟೇಬಲ್ಲಿಗೆ ಒಂದು ಕ್ಲಾಸ್, ಆ್ಯಪ್‌ನ ಲೆಕ್ಕಾಚಾರಕ್ಕೆ ಇವೆರಡರ ಗೊಡವೆಯಿಲ್ಲದ ಮೂರನೆಯ ಕ್ಲಾಸ್ ಮಾಡಿ, ನಡುವೆ ಪರಿವರ್ತಿಸುವ ಫಂಕ್ಷನ್‌ಗಳನ್ನಿಡುವುದು ಲೇಸು.

ಬೇಗಮುಗಿಸು (ಶುಕ್ರವಾರ, ರಾತ್ರಿ 10.55)

ಆರೇಳು ಫೀಲ್ಡಿನ ಒಂದು ಆ್ಯಪ್‌ಗೆ ಮೂರು ಕ್ಲಾಸ್, ನಾಲ್ಕು ಪರಿವರ್ತಕ. ನಾಳೆ ಸಂಘದವರು 'ಉಷ್ಣತೆಯನ್ನೂ ಸೇರಿಸಿ' ಎಂದರೆ ಏಳು ಜಾಗದಲ್ಲಿ ತಿದ್ದಬೇಕು, ಒಂದರಲ್ಲಿ ಮರೆತರೆ ಹೊಸ ದೋಷ. ಈ ಕೋಡನ್ನು ತಾನಾಗಿ ಬರೆದುಕೊಡುವ ಸಾಧನ ಬಳಸಿ ಎನ್ನಬಹುದು. ಅದನ್ನು ಓಡಿಸುವ ಬಿಲ್ಡ್ ರನ್ನರ್ ಓಡಿ ಮುಗಿಯುವಷ್ಟರಲ್ಲಿ ಕಾಫಿ ಕಾಸಿ ಕುಡಿದು ಬರಬಹುದು. ಕಂಪೈಲ್ ಆಗುವಾಗಲೇ ಕೋಡು ಬರೆದುಕೊಡುವ ಮ್ಯಾಕ್ರೋ ಬಂದರೆ ಇದೆಲ್ಲ ಹೋಗುತ್ತದೆ ಎಂದು ನಾವೆಲ್ಲ ಕಾದೆವು, 2025ರ ಜನವರಿಯಲ್ಲಿ ಡಾರ್ಟ್ ತಂಡ ಆ ಕೆಲಸವನ್ನೇ ನಿಲ್ಲಿಸಿತು. ಫ್ಲಟರ್‌ನಲ್ಲಿ ರಿಫ್ಲೆಕ್ಷನ್ ಇಲ್ಲವಾದ್ದರಿಂದ ಜಿಸನ್‌ನಂಥದ್ದೂ ಇಲ್ಲಿ ಸಾಧ್ಯವಿಲ್ಲ.

ಅಲ್ಪವಿರಾಮ (ಶನಿವಾರ, ಬೆಳಿಗ್ಗೆ 7.30)

ಇಲ್ಲಿ ನಾನು ಬೇಗಮುಗಿಸು ಅವರ ಕಡೆಗೆ ಅರ್ಧ ವಾಲುತ್ತೇನೆ. ಮೂರು ಕ್ಲಾಸ್ ಬೇಡ. ಕ್ಲಾಸ್ ಒಂದೇ ಇರಲಿ, ಬಾಗಿಲು ಎರಡಿರಲಿ: ಫ್ರಮ್‌ಜೇಸನ್ ಒಂದು ಫ್ಯಾಕ್ಟರಿ, ಫ್ರಮ್‌ರೋ ಇನ್ನೊಂದು ಫ್ಯಾಕ್ಟರಿ. ಮೊದಲನೆಯದಕ್ಕೆ ಸರ್ವರಿನ ರೂಢಿಗಳು ಗೊತ್ತು, ಎರಡನೆಯದಕ್ಕೆ ಟೇಬಲ್ಲಿನ ರೂಢಿಗಳು ಗೊತ್ತು, ಒಳಗೆ ಬಂದ ಮೇಲೆ ಎಲ್ಲರೂ ಒಂದೇ. ಮುಂದೆ ಎರಡರ ಆಕಾರ ನಿಜವಾಗಿ ಬೇರೆಯಾದ ದಿನ ಕ್ಲಾಸನ್ನು ಒಡೆಯಬಹುದು. ಫ್ಯಾಕ್ಟರಿಯನ್ನು ಕೈಯಲ್ಲೇ ಬರೆಯುವುದಾದರೆ ದೋಷ ಎದ್ದಾಗ ಯಾವ ಕೀಲಿ, ಯಾವ ಬೆಲೆ ಎಂದು ಸಂದೇಶದಲ್ಲಿ ಬರುವಂತೆ ಮಾಡಿಕೊಳ್ಳಿ. ಬರಿಯ ಟೈಪ್‌ಎರರ್ ಕೀಲಿಯ ಹೆಸರು ಹೇಳುವುದಿಲ್ಲ.

ಇನ್ನೊಂದು ಕಡೆ ಮಾತ್ರ ನಾನು ರಾಜಿಯಾಗಲಾರೆ. ಹಾಲುಲೆಕ್ಕ ಅವರು ಪ್ರಮಾಣವನ್ನು ಮಿಲಿಲೀಟರ್ ಮಾಡಿ ಇಂಟ್‌ನಲ್ಲಿ ಇಟ್ಟಿದ್ದಾರಲ್ಲ, ಅದೇ ಬುದ್ಧಿಯನ್ನು ದರಕ್ಕೂ ಫ್ಯಾಟ್‌ಗೂ ತೋರಿಸಬೇಕು: ದರ ಪೈಸೆಯಲ್ಲಿ, ಫ್ಯಾಟ್ ನೂರರ ಪಾಲಿನಲ್ಲಿ. ನಿಮ್ಮ ದರಪಟ್ಟಿಯನ್ನು ಆ್ಯಪ್‌ನಲ್ಲಿ ಹೇಗೆ ಕಟ್ಟಿದ್ದೀರಿ? ಕೀಲಿ ಡಬಲ್ ಆಗಿದ್ದು, 3.0ರಿಂದ ಶುರುಮಾಡಿ ಪ್ರತಿ ಸಲ 0.1 ಕೂಡುತ್ತಾ ಹೋಗಿದ್ದರೆ 3.1 ಸರಿ, 3.2 ಸರಿ, ಅದರ ಮುಂದಿನ ಕೀಲಿ 3.3000000000000003. ಯಂತ್ರ 3.3 ಎಂದು ಕೇಳಿದರೆ ಮ್ಯಾಪ್ ನಲ್ ಕೊಡುತ್ತದೆ. ಪರಿವರ್ತಿಸುವಾಗಲೂ ಎಚ್ಚರ: 4.35 ಅನ್ನು ನೂರರಿಂದ ಗುಣಿಸಿದರೆ ಬರುವುದು 434.99999999999994, ಅದಕ್ಕೆ ಟುಇಂಟ್ ಮಾಡಿದರೆ 434. ರೌಂಡ್ ಮಾಡಿದರೆ 435. ದರ ಸ್ಟ್ರಿಂಗ್ ಆಗಿ ಬರುತ್ತಿರುವುದು ಈ ಕಾರಣಕ್ಕೆ ಅನುಕೂಲವೇ. ಡಬಲ್ ಮಾಡದೆ, ಬಿಂದುವಿನಲ್ಲಿ ಒಡೆದು ರೂಪಾಯಿ ಬೇರೆ ಪೈಸೆ ಬೇರೆ ಓದಿಕೊಳ್ಳಬಹುದು.

ಹಾಲುಲೆಕ್ಕ (ಶನಿವಾರ, ಮಧ್ಯಾಹ್ನ 1.20)

ದರಪಟ್ಟಿಯನ್ನು ಕಟ್ಟಿರುವುದು ಸರಿಯಾಗಿ ನೀವು ಹೇಳಿದ ರೀತಿಯಲ್ಲೇ. 3.3ರ ಸಾಲು ಸಿಗುವುದಿಲ್ಲವೆಂದು ಹಿಂದೊಮ್ಮೆ ಕಂಡು, ಕಾರಣ ತಿಳಿಯದೆ, ಆ ಒಂದು ಸಾಲಿಗೆ ಮಾತ್ರ ಬೇರೆ ಇಫ್ ಬರೆದಿದ್ದೆ. ಅದು ಕೋಡಿನಲ್ಲಿ ಈಗಲೂ ಇದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಾವೇರಿತೀರ (ಶನಿವಾರ, ಮಧ್ಯಾಹ್ನ 2.05)

ನಾಚಿಕೆ ಬೇಡ, ಅಂಥ ಇಫ್ ಎಲ್ಲರ ಕೋಡಿನಲ್ಲೂ ಒಂದಿರುತ್ತದೆ. ಕ್ಲಾಸನ್ನು ತಿದ್ದುವ ಕೈಯಲ್ಲೇ ಸಮಾನತೆಯನ್ನೂ ಬರೆದುಬಿಡಿ. ಡಾರ್ಟಿನ ಕ್ಲಾಸುಗಳು ತಾವಾಗಿ ಬೆಲೆಯಿಂದ ಸಮಾನವಾಗುವುದಿಲ್ಲ; ಫೋನಿನಿಂದ ಓದಿದ ದಾಖಲೆ ಮತ್ತು ಸರ್ವರಿನಿಂದ ಬಂದ ಅದೇ ದಾಖಲೆ ಒಂದೇ ಎಂದು ಗೊತ್ತಾಗದೆ ಪಟ್ಟಿಯಲ್ಲಿ ಎರಡೆರಡು ಸಲ ಕಾಣುತ್ತವೆ. ಹೋಲಿಸುವಾಗ ಡೇಟ್‌ಟೈಮ್ ಒಂದು ಯುಟಿಸಿ, ಒಂದು ಸ್ಥಳೀಯ ಆಗಿದ್ದರೆ ಕ್ಷಣ ಒಂದೇ ಆದರೂ ಸಮಾನವಲ್ಲ ಎನ್ನುತ್ತದೆ. ಎರಡೂ ಬಾಗಿಲಲ್ಲಿ ಒಂದೇ ರೂಪಕ್ಕೆ ತನ್ನಿ.

ಹಾಲುಲೆಕ್ಕ (ಭಾನುವಾರ, ರಾತ್ರಿ 8.45)

ಎರಡು ಫ್ಯಾಕ್ಟರಿ ಮಾಡಿದೆ, ಪೈಸೆ ಮಾಡಿದೆ, ಆ ಇಫ್ ತೆಗೆದೆ. ಕೊನೆಗೆ ಸೊನ್ನೆ ಹಾಕುವ ಫಂಕ್ಷನ್ ತೆಗೆದು ಫ್ಯಾಟನ್ನು ನಲ್ ಆಗಬಹುದಾದ ಫೀಲ್ಡ್ ಮಾಡಿದೆ. ಕಂಪೈಲರ್ ಬಟವಾಡೆಯ ಸಾಲಿನಲ್ಲಿ ನಿಲ್ಲಿಸಿತು, ಏನು ಬರೆಯಬೇಕೆಂದು ತೋಚದೆ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, 'ಫ್ಯಾಟ್ ಇಲ್ಲದ ದಾಖಲೆ ಇರುತ್ತದೆಯೇ' ಎಂದು ಕೇಳಿದೆ. 'ಯಾಕಿಲ್ಲ, ಯಂತ್ರಕ್ಕೆ ನೀರು ಬಿಟ್ಟು ತೊಳೆಯುವ ಹೊತ್ತಿಗೆ ಬಂದವರ ಹಾಲನ್ನು ಅಳೆದು ತುಂಬಿಕೊಳ್ಳುತ್ತೇವೆ, ಸ್ಯಾಂಪಲ್ ತೆಗೆದಿಟ್ಟು ಆಮೇಲೆ ನೋಡಿ ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತೇವೆ' ಎಂದರು. ಹಳೆಯ ಸರ್ವರ್ ಅಂಕಿ ಬಾರದ ದಾಖಲೆಗಳನ್ನು ಆ್ಯಪ್‌ಗೆ ಕಳಿಸುತ್ತಲೇ ಇರಲಿಲ್ಲವಂತೆ. ಹೊಸದು ನಲ್ ಎಂದು ಕಳಿಸುತ್ತದೆ.

ಬುಧವಾರ ರಾತ್ರಿಯಿಂದ ಇವತ್ತಿನವರೆಗೆ ಅಂಥ ಹನ್ನೊಂದು ದಾಖಲೆಗಳು ಸಿಕ್ಕವು. ಹನ್ನೊಂದೂ ಆ್ಯಪ್‌ನಲ್ಲಿ ಫ್ಯಾಟ್ ಸೊನ್ನೆ ಎಂದು ಕಂಡಿವೆ, ದರಪಟ್ಟಿಯಲ್ಲಿ ಸೊನ್ನೆಯ ಸಾಲು ಇಲ್ಲದ್ದರಿಂದ ದರವೂ ಸೊನ್ನೆಯಾಗಿ ಮೊತ್ತದಲ್ಲಿ ಸೇರಿವೆ. ಅದರಲ್ಲಿ ಏಳು ಒಬ್ಬರದೇ. ಅವರ ಮನೆ ದೂರ, ದಿನವೂ ತೊಳೆಯುವ ಹೊತ್ತಿಗೇ ಬರುತ್ತಾರಂತೆ. ಈಗ ಅಂಥ ದಾಖಲೆಯ ಎದುರು 'ಪುಸ್ತಕ ನೋಡಿ' ಎಂದು ಬರುತ್ತದೆ, ಅದು ತುಂಬುವವರೆಗೆ ಆ ಸದಸ್ಯರ ಒಟ್ಟು ಮೊತ್ತವನ್ನು ಆ್ಯಪ್ ತೋರಿಸುವುದಿಲ್ಲ.

ಬೇಗಮುಗಿಸು (ಭಾನುವಾರ, ರಾತ್ರಿ 9.10)

ನನ್ನ ಬುಧವಾರದ ಉತ್ತರವನ್ನು ಯಾರಾದರೂ ನಕಲು ಮಾಡುವ ಮೊದಲು ಇಲ್ಲೇ ಹೇಳಿಬಿಡುತ್ತೇನೆ: ಕೊನೆಯ 0.0 ತೆಗೆದುಬಿಡಿ, ಉಳಿದದ್ದನ್ನು ಬಳಸಬಹುದು. ಮೂರು ಕ್ಲಾಸ್ ಬೇಡ ಎಂಬ ಮಾತಿಗೆ ಮಾತ್ರ ನಾನು ಈಗಲೂ ಬದ್ಧ. ಹಾಲುಲೆಕ್ಕ ಅವರೇ, ಆ ಏಳರ ಹಣ ಬಟವಾಡೆಯಾಗಿ ಹೋಗಿದೆಯೇ?

ಹಾಲುಲೆಕ್ಕ (ಭಾನುವಾರ, ರಾತ್ರಿ 9.20)

ಇಲ್ಲ. ಬಟವಾಡೆ ನಾಡಿದ್ದು. ನಾಳೆ ಬೆಳಿಗ್ಗೆ ಪುಸ್ತಕ ಹಿಡಿದು ಕಾರ್ಯದರ್ಶಿಯವರ ಜೊತೆ ಕೂರುತ್ತೇನೆ.